ಹಸಿದ ಕೌದಿ

ಹುಣಸಗಿಯ ಸಾಯಬಮ್ಮ ಹಳೆಯ ಸೀರೆಗಳಿಂದ ಕೌದಿ ಹೊಲಿಯುತ್ತಾಳೆ. ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೊಂದು ರೊಟ್ಟಿಚೂರು ಇಡುತ್ತಾಳೆ. ಹೊಟ್ಟೆ ತುಂಬದ ಕೌದಿ ಹೊದ್ದವರ ಮನೆಗೂ ಹಸಿವನ್ನು ಒಯ್ಯುತ್ತದೆ ಎಂಬುದು ಅವಳ ನಂಬಿಕೆ.

ಶಹಾಪುರದ ಉಪನ್ಯಾಸಕ ಅರುಣಕುಮಾರ ತಮ್ಮ ಪುಸ್ತಕದ ಮುಖಪುಟಕ್ಕೆ ಅವಳ ಕೌದಿಯ ಫೋಟೊ ಹಾಕಿದರು. ಕೆಳಗೆ ‘ಎಲ್ಲರಿಗೂ ತಿಳಿಯುವ ಗಣಿತ’ ಎಂದು ಬರೆದರು. ಓದು ಬಾರದ ಹೆಂಗಸರೂ ಕೌದಿಯ ಚೌಕ, ತ್ರಿಕೋನಗಳಲ್ಲಿ ಅರಿವಿಲ್ಲದೆ ಗಣಿತ ಮಾಡುತ್ತಾರೆಂದು ಮೊದಲ ಪುಟದಲ್ಲೇ ಹೊಗಳಿದರು.

ಸಾಯಬಮ್ಮನಿಗೆ ಓದು ಬರುತ್ತದೆ. ಏಳನೆಯ ತರಗತಿ ಮುಗಿಸಿದವಳು. ನಾನು ತಂದುಕೊಟ್ಟ ಆ ಪುಸ್ತಕ ಓದತೊಡಗಿದಳು. ಮೂರನೆಯ ಪುಟದಲ್ಲಿ ಕೌದಿ ಮಾಯವಾಗಿ ಬರೀ ಚಿಹ್ನೆಗಳು ಬಂದವು. ಸಾಲುಸಾಲಿಗೂ ‘ಇದು ಸ್ಪಷ್ಟ’ ಎಂಬ ಮಾತು ಬೇರೆ. ವಾರವಿಡೀ ಅದೇ ಪುಟ ಓದಿದರೂ ತಿಳಿಯಲಿಲ್ಲ. ಪುಸ್ತಕದ ಕರಡು ತಿದ್ದಿದ ನನಗೂ ಅದು ತಿಳಿದಿರಲಿಲ್ಲ. ದಡ್ಡನೆನ್ನುತ್ತಾರೆಂದು ಹೆದರಿ ಸುಮ್ಮನಿದ್ದೆ, ನನ್ನ ಬಾಯಿಗೆ ಮಣ್ಣು ಹಾಕ.

ಮುಂದಿನ ತಿಂಗಳು ಅರುಣಕುಮಾರ ತಮ್ಮ ಮನೆಗೊಂದು ಕೌದಿ ಹೊಲಿದುಕೊಡಲು ಹೇಳಲು ನನ್ನೊಡನೆ ಬಂದರು. ಅವಳು ಪುಸ್ತಕ ತಂದಳು.

“ಸರ, ಈ ಪುಟದಾಗ ಏನದ ಹೇಳ್ರಿ.”

ಅವರು ನಕ್ಕರು. “ಅದು ನಿಮಗ ತಿಳಿಯಂಗಿಲ್ಲ ಬಿಡ್ರಿ.”

“ಎಲ್ಲರಿಗೂ ತಿಳಿತದ ಅಂತ ರಟ್ಟಿನ ಮ್ಯಾಲ ಬರದೀರಲ್ರಿ. ಆ ಎಲ್ಲರಾಗ ನಾ ಇಲ್ಲೇನ್ರಿ?”

ಅವರು ಗಡಿಯಾರ ನೋಡಿಕೊಂಡು ಎದ್ದರು.

ಅವರು ಹೇಳಿಹೋಗಿದ್ದ ಕೌದಿ ತರಲು ಮುಂದೆ ನಾನೊಬ್ಬನೇ ಹೋದೆ. ಕೊನೆಯ ಮೂಲೆಯೊಂದು ಬಾಕಿ ಇತ್ತು. ಪಕ್ಕದಲ್ಲಿದ್ದ ರೊಟ್ಟಿಚೂರನ್ನು ಸಾಯಬಮ್ಮ ತನ್ನ ಬಾಯಿಗೆ ಹಾಕಿಕೊಂಡಳು. ಅಗಿಯುತ್ತಲೇ ಮೂಲೆ ಹೊಲಿದು ಮುಚ್ಚಿದಳು.

“ಒಯ್ದು ಕೊಡ್ರಿ,” ಎಂದಳು. “ಅವರಿಗ ತಿಳಿಯಂಗಿಲ್ಲ.”