ಎದುರು ಮನೆಯ ಪೆರ್ಮರಿ

ಈ ಸಲ ಚಳಿ ಸ್ವಲ್ಪ ಬೇಗ ಬಂತು. ಮೊನ್ನೆ ಕಪಾಟಿನ ಮೇಲಿದ್ದ ಹೀಟರ್ ಇಳಿಸಿ ಪ್ಲಗ್ ಹಾಕಿದೆ. ವರ್ಷವಿಡೀ ಕೂತಿದ್ದ ಧೂಳು ಸುಟ್ಟು ಮನೆಯೆಲ್ಲ ಒಂದು ವಾಸನೆ ಹರಡಿತು. ಕುವೈತಿನಲ್ಲಿ ಚಳಿಗಾಲ ಬಂತೆಂದು ಮೊದಲು ತಿಳಿಯುವುದು ಮೂಗಿಗೇ. ಆ ವಾಸನೆ ಬಂದದ್ದೇ ತಡ, ನನ್ನ ಕಾಲು ತಾನಾಗಿ ಬಾಗಿಲ ಕಡೆ ಹೋಯಿತು. ಅಡಿಯ ಸಂದಿಗೆ ಟವೆಲ್ ತುರುಕಿದ್ದೇನೋ ಇಲ್ಲವೋ ಎಂದು ಬಗ್ಗಿ ನೋಡಿದೆ. ಟವೆಲ್ ತುರುಕುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು. ಎದುರು ಮನೆಯಲ್ಲಿ ಈಗ ಶರ್ಕ್‌ನ ಬ್ಯಾಂಕಿಗೆ ಹೋಗುವ ದಂಪತಿ ಇದ್ದಾರೆ, ಪಾಪ, ಒಂದು ಜಿರಲೆಗೂ ಹೆದರುವ ಜನ. ಆದರೂ ಆ ವಾಸನೆ ಬಂದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ...

ಆಗ ಆ ಮನೆಯಲ್ಲಿ ಸಿಸ್ಟರ್ ಇದ್ದರು. ಕಟ್ಟಡದವರೆಲ್ಲ ಅವರನ್ನು ಕರೆಯುತ್ತಿದ್ದದ್ದೇ ಹಾಗೆ. ಒಂದು ಕ್ಲಿನಿಕ್ಕಿನಲ್ಲಿ ನರ್ಸ್ ಆಗಿದ್ದರು. ಮೂಡುಬಿದಿರೆ ಕಡೆಯ ಕ್ರಿಶ್ಚಿಯನ್ನರು. ಮನೆಯೊಳಗೆ ಕೊಂಕಣಿ, ಹೊರಗೆ ಕಾಲಿಟ್ಟರೆ ತುಳು. ನಾನು ಮೈಸೂರಿನವಳು. ಗಂಡನಿಗೆ ಶುಐಬಾದ ಕಾರ್ಖಾನೆಯಲ್ಲಿ ಕೆಲಸ, ನನಗೆ ಮಿರ್ಕಾಬಿನ ಒಂದು ಆಫೀಸಿನಲ್ಲಿ, ಮಗಳಿನ್ನೂ ಪುಟ್ಟವಳು. ಮನೆ ಬದಲಾಯಿಸಿ ಬಂದ ವಾರದಲ್ಲೇ ಲಿಫ್ಟಿನ ಹತ್ತಿರ ಅವರ ಬಾಯಲ್ಲಿ ಕನ್ನಡ ಕೇಳಿಸಿತು. ಆ ಖುಷಿಗೆ ಅಲ್ಲೇ ನಿಂತು ಹರಟಿದೆ. ಒಬ್ಬರೇ ಇದ್ದೀರಲ್ಲ, ಬೇಜಾರಾಗಲ್ವಾ ಎಂದು ಕೇಳಿದೆ.

"ಒಬ್ಬಳೇ ಎಲ್ಲಿ ಮಾರಾಯ್ತಿ, ಎರಡು ಪೆರ್ಮರಿ ಉಂಟಲ್ಲ," ಎಂದರು. ಆಮೇಲೆ ದನಿ ತಗ್ಗಿಸಿ, "ಹಾರಿಸ್‌ಗೆ ಹೇಳ್ಬೇಡ ಆಯ್ತಾ? ಮತ್ತೆ ದೊಡ್ಡ ಗಲಾಟೆ ಆಗ್ತದೆ."

ಹಾರಿಸ್ ಎಂದರೆ ನಮ್ಮ ಕಟ್ಟಡದ ಕಾವಲುಗಾರ. ಅವನಿಗೆ ನಾಯಿ ಕಂಡರಾಗದು ಎಂದುಕೊಂಡೆ. ಯಾಕೆಂದರೆ ನನ್ನ ಮೈಸೂರಿನ ಕಿವಿಗೆ ಕೇಳಿಸಿದ್ದು ಪೊಮೆರೇನಿಯನ್ ಮರಿ. ಮಂಗಳೂರಿನವರು ಎಲ್ಲವನ್ನೂ ಚಟಕ್ಕನೆ ಮುಗಿಸುತ್ತಾರೆ, ಇದನ್ನೂ ಹೀಗೆ ಕತ್ತರಿಸಿ ಹೇಳುತ್ತಾರೇನೋ ಎಂದು ನಾನೇ ಸಮಾಧಾನ ಹೇಳಿಕೊಂಡು, ಜಮಿಯಾ ಅಂಗಡಿಯಿಂದ ಗ್ಲೂಕೋಸ್ ಬಿಸ್ಕತ್ತಿನ ಪೊಟ್ಟಣ ತಂದು, ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಶುಕ್ರವಾರ ಅವರ ಬೆಲ್ ಒತ್ತಿದೆ. ಮಗಳು ಸೊಂಟದ ಮೇಲಿಂದಲೇ "ಡಾಗಿ, ಡಾಗಿ" ಎಂದು ಕುಣಿಯುತ್ತಿದ್ದಳು. ಬಿಸ್ಕತ್ತು ನೋಡಿ ಸಿಸ್ಟರ್‌ಗೆ ಏನೂ ಅರ್ಥವಾಗಲಿಲ್ಲ. ಒಳಕೋಣೆಯ ಬಾಗಿಲು ತೆರೆದರು. ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಡೆಟ್ಟಾಲಿನ ವಾಸನೆ, ಹೀಟರಿನ ವಾಸನೆ, ಒದ್ದೆ ಪೇಪರಿನ ವಾಸನೆ. ಗೋಡೆಯುದ್ದಕ್ಕೂ ಗಾಜಿನ ಎರಡು ಪೆಟ್ಟಿಗೆ. ಒಂದರೊಳಗೆ ನನ್ನ ತೊಡೆ ಗಾತ್ರದ್ದೇನೋ ನಿಧಾನವಾಗಿ ಸರಿಯಿತು... ಆಮೇಲೆ ನಾನು ನಮ್ಮ ಮನೆಗೆ ಹೇಗೆ ಬಂದೆನೋ ನನಗೆ ನೆನಪಿಲ್ಲ. ಹೆಬ್ಬಾವಿಗೆ ತುಳುವಿನಲ್ಲಿ ಪೆರ್ಮರಿ ಎನ್ನುತ್ತಾರೆಂದು ಮೈಸೂರಿನಲ್ಲಿ ನನಗೆ ಯಾರು ಹೇಳಿಕೊಟ್ಟಿದ್ದರು? ಬಿಸ್ಕತ್ತಿನ ಪೊಟ್ಟಣ ಅಲ್ಲೇ ಉಳಿಯಿತು. ಸಿಸ್ಟರ್ ಅದನ್ನು ಚಹಾಕ್ಕೆ ಅದ್ದಿ ತಿಂದರಂತೆ.

ಅವತ್ತಿನಿಂದ ನನ್ನ ನೆಮ್ಮದಿ ಹಾಳಾಯಿತು. ಬಾಗಿಲ ಸಂದಿಗೆ ಟವೆಲ್, ಬಚ್ಚಲ ತೂತಿಗೆ ಕಲ್ಲು, ಮಂಚದ ಕೆಳಗೆ ಟಾರ್ಚು. ಮಗಳ ಸ್ಕಿಪ್ಪಿಂಗ್ ಹಗ್ಗ ಕಾಲಿಗೆ ತಾಗಿದರೂ ಕಿರುಚುತ್ತಿದ್ದೆ. ಗಂಡ ಮಾತ್ರ ಕಲ್ಲುಗುಂಡಿನಂತೆ ಇದ್ದರು. "ಅದು ಗಾಜಿನೊಳಗಿದೆ, ನೀನೇ ಹೊರಗೆ ಬುಸುಗುಡ್ತಾ ಇದೀಯ," ಎನ್ನುತ್ತಿದ್ದರು. ಹಾರಿಸ್‌ಗೆ ಹೇಳಿಬಿಡಲೇ ಎಂದು ನೂರು ಸಲ ಅನ್ನಿಸಿತು. ಹೇಳಿದರೆ ಆ ಹೆಂಗಸಿನ ಕೆಲಸ, ಇಲ್ಲಿರಲು ಬೇಕಾದ ಇಕಾಮಾ ಎರಡೂ ಹೋಗುತ್ತವೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಗಾದೆಯನ್ನು ಅಕ್ಷರಶಃ ಬಾಳಿದವಳು ನಾನೊಬ್ಬಳೇ ಇರಬೇಕು. ಕೊನೆಗೆ ಹೇಳಲಿಲ್ಲ. ಬದಲಿಗೆ ದಿನಾ ಹೋಗಿ ಪೆಟ್ಟಿಗೆಯ ಬೀಗ ನೋಡಿ ಬರತೊಡಗಿದೆ. ಹೀಗೆ ಭಯದಿಂದ ಶುರುವಾದದ್ದು ಸ್ನೇಹವಾಯಿತು.

ಸಿಸ್ಟರ್ ಅವನ್ನು ಕೊಂಡು ತಂದವರಲ್ಲ. ಸಂಜೆ ಹೊತ್ತು ಕುವೈತಿ ಮನೆಯೊಂದರ ಅಜ್ಜಿಗೆ ಇಂಜೆಕ್ಷನ್ ಕೊಡಲು ಹೋಗುತ್ತಿದ್ದರು. ಆ ಅಜ್ಜಿಯ ಮೊಮ್ಮಗನಿಗೆ ಹೆಬ್ಬಾವಿನ ಶೋಕಿ. ಹೆಗಲ ಮೇಲೆ ಹಾಕಿಕೊಂಡು ಫೋಟೋ ತೆಗೆಸಿಕೊಂಡದ್ದೇ ತೆಗೆಸಿಕೊಂಡದ್ದು. ದೊಡ್ಡದು ಬೆಳೆಯುತ್ತ ಮುಂಗೋಪಿಯಾಗಿ, ಅವನ ಗೆಳೆಯನನ್ನು ಕಚ್ಚಿದಾಗ ಶೋಕಿ ಇಳಿಯಿತು. ಮರಳುಗಾಡಿನಲ್ಲಿ ಬಿಟ್ಟು ಬರುತ್ತೇನೆ ಎಂದು ಹೊರಟವನನ್ನು ತಡೆದು ಎರಡನ್ನೂ ಇವರು ಮನೆಗೆ ತಂದರು. ಸಣ್ಣದು ಸಾಧು, ಎತ್ತಿದರೆ ಎತ್ತಿಸಿಕೊಳ್ಳುತ್ತಿತ್ತು. ದೊಡ್ಡದರದ್ದೇ ಎಲ್ಲ ರಂಪ. ಪೊರೆ ಬಿಡುವ ಮೊದಲು ಕಣ್ಣು ಮಂಜಾಗಿ, ಗಾಜಿಗೆ ಮೂತಿ ಬಡಿದುಕೊಂಡು, ನೀರಿನ ಟಬ್ಬನ್ನು ಮಗುಚಿ ಹಾಕುತ್ತಿತ್ತು. ಒಳಗೆ ಕೈ ಹಾಕುವ ಮುನ್ನ ಸಿಸ್ಟರ್ ಮೊಣಕೈವರೆಗೂ ಡೆಟ್ಟಾಲ್ ಸೋಪು ತಿಕ್ಕಿ ತೊಳೆಯುತ್ತಿದ್ದರು. ಕೈಗೆ ತಿನ್ನುವ ವಸ್ತುವಿನ ವಾಸನೆಯಿದ್ದರೆ ಅದಕ್ಕೆ ಕೈಯೂ ಒಂದೇ, ಕೋಳಿಯೂ ಒಂದೇ. ಆಮೇಲೆ ಕೊಕ್ಕೆಯಿಂದ ಅದರ ತಲೆಯನ್ನು ಮೆಲ್ಲಗೆ ತಟ್ಟುತ್ತಿದ್ದರು, ಊಟವಲ್ಲ, ನಾನು ಬಂದದ್ದು ಎಂದು ತಿಳಿಸಲು. ಅದು ನಾಲಿಗೆ ಚಾಚಿ ಅವರ ಮಣಿಕಟ್ಟನ್ನು ನೋಡಿ ತಣ್ಣಗಾಗುತ್ತಿತ್ತು.

"ನೋಡಿದ್ಯಾ? ಅದಕ್ಕೆ ನನ್ನ ಗುರ್ತ ಉಂಟು," ಎನ್ನುತ್ತಿದ್ದರು.

ಈ ಮಾತಿಗೇ ನಮ್ಮಿಬ್ಬರ ಜಗಳ. ಹಾವಿಗೆ ಯಾವ ಗುರುತು, ಯಾವ ನಂಟು? ಫೋನಿನಲ್ಲಿ ಹುಡುಕಿ ಓದಿ ಹೇಳುತ್ತಿದ್ದೆ. ಹಾವಿಗೆ ಹಾಲೆರೆದ ಹಾಗೆ ಸಿಸ್ಟರ್ ಇದು, ಎಂದರೆ, "ಅದು ಹಾಲು ಕುಡಿಯೂದಿಲ್ಲ ಮಾರಾಯ್ತಿ, ಕೋಳಿ ತಿನ್ನೂದು," ಎಂದು ನಕ್ಕುಬಿಡುತ್ತಿದ್ದರು. ನನಗೆ ರೇಗುತ್ತಿತ್ತು. ಇಷ್ಟು ಬುದ್ಧಿಯಿರುವ ಹೆಂಗಸು ಇದೊಂದರಲ್ಲಿ ಯಾಕೆ ಹೀಗೆ ಹಟ ಮಾಡುತ್ತಾರೆ?

ಯಾಕೆಂದು ಒಂದು ಮಧ್ಯಾಹ್ನ ತಿಳಿಯಿತು. ಹೊರಗೆ ಧೂಳುಗಾಳಿ, ಆಫೀಸಿಗೆ ರಜೆ, ಸಿಸ್ಟರ್ ಜೊತೆ ಹಾವುಗಳ ಕೋಣೆಯಲ್ಲಿ ಕೂತಿದ್ದೆ. ಇಡೀ ಕುವೈತಿನಲ್ಲಿ ಏಸಿ ಹಾಕದ ಕೋಣೆ ಅದೊಂದೇ ಇದ್ದೀತು; ಟಬ್ಬುಗಳ ನೀರಿನ ಹಬೆಗೆ ಬೆವರಿಳಿಯುತ್ತಿತ್ತು. ಊರಿನ ಸೆಕೆಯ ಹಾಗೇ ಉಂಟಲ್ಲ ಎಂದವರು ಸುಮ್ಮನೆ ಮಾತು ಮುಂದುವರಿಸಿದರು. ಗಂಡ ತೀರಿಕೊಂಡ ಮೇಲೆ ಮಗಳನ್ನು ತಾಯಿಯ ಹತ್ತಿರ ಬಿಟ್ಟು ಇಲ್ಲಿಗೆ ಬಂದದ್ದು. ಮೊದಲ ರಜೆಗೆ ಹೋದಾಗ ಮಗು ಅಜ್ಜಿಯ ಸೀರೆಯ ಹಿಂದೆ ಅಡಗಿಕೊಂಡಿತಂತೆ. ಈ ಆಂಟಿ ಯಾವಾಗ ಹೋಗುವುದು ಎಂದು ಕೇಳಿತಂತೆ. ಆಮೇಲಿನ ರಜೆಗಳಲ್ಲಿ ಹಾಗೆ ಕೇಳಲಿಲ್ಲ, ದೊಡ್ಡವಳಾಗಿದ್ದಳು, ಮಮ್ಮಿ ಎಂದೇ ಕರೆಯುತ್ತಿದ್ದಳು. "ಆದ್ರೆ ನಂಟರ ಹಾಗೆ ನೋಡಿಕೊಳ್ತಾಳೆ. ಒಳ್ಳೆ ಪ್ಲೇಟಿನಲ್ಲಿ ಬಡಿಸ್ತಾಳೆ," ಎಂದರು. ಆವತ್ತು ನನ್ನ ಕಣ್ಣು ತುಂಬಿತು. ಗುರುತಿನ ವಿಷಯದಲ್ಲಿ ಮತ್ತೆಂದೂ ಅವರ ಜೊತೆ ವಾದ ಮಾಡಲಿಲ್ಲ.

ಕೊನೆಗೆ ವಯಸ್ಸಾಯಿತೆಂದು ಕ್ಲಿನಿಕ್ಕಿನವರು ಇಕಾಮಾ ನವೀಕರಿಸಲಿಲ್ಲ. ಊರಿಗೆ ಹೊರಡಬೇಕು. ತಮ್ಮ ಬದುಕಿನ ಚಿಂತೆಗಿಂತ ಅವರಿಗೆ ಹಾವುಗಳ ಚಿಂತೆಯೇ ದೊಡ್ಡದಾಯಿತು. ಯಾರನ್ನೂ ಬಹಿರಂಗವಾಗಿ ಕೇಳುವಂತಿಲ್ಲ. ಅವರ ಚಡಪಡಿಕೆ ನನಗೂ ಅಂಟಿಕೊಂಡು, ಆಫೀಸಿನಲ್ಲಿ ಯಾರ ಬಾಯಲ್ಲಿ ಪ್ರಾಣಿಯ ಸುದ್ದಿ ಬಂದರೂ ಕಿವಿ ನಿಮಿರುತ್ತಿತ್ತು. ಆ ಮೊಮ್ಮಗನೇ ಕಡೆಗೆ ದಾರಿ ತೋರಿಸಿದ. ವಫ್ರಾ ಕಡೆ ತೋಟವಿಟ್ಟುಕೊಂಡು ಪ್ರಾಣಿ ಸಾಕಿದ್ದ ಅವನ ಗೆಳೆಯ ಎರಡನ್ನೂ ಇಟ್ಟುಕೊಳ್ಳಲು ಒಪ್ಪಿದ.

ಒಯ್ಯುವ ದಿನ ಸಿಸ್ಟರ್ ನಮಗೆ ಊಟಕ್ಕೆ ಹೇಳಿದ್ದರು. ಬೆಳಗಿನಿಂದ ನಿಂತು ಕೋಳಿ ಸುಕ್ಕ ಮಾಡಿದ್ದರು, ಮಸಾಲೆಯನ್ನು ತುಂಡುಗಳಿಗೆ ಕೈಯಿಂದಲೇ ತಿಕ್ಕಿ. ಅಷ್ಟರಲ್ಲಿ ಆ ಅಜ್ಜಿಯ ಮೊಮ್ಮಗ ಫೋನ್ ಮಾಡದೆ ಬಂದುಬಿಟ್ಟ. ಗಾಡಿ ಕೆಳಗೆ ನಿಂತಿದೆ, ಯಲ್ಲಾ ಸಿಸ್ಟರ್, ಹಾರಿಸ್ ನಮಾಜಿಗೆ ಹೋಗಿದ್ದಾನೆ, ಬೇಗ! ಎಂದು ಅವಸರಿಸಿದ. ಸಣ್ಣದು ಸುಮ್ಮನೆ ಚೀಲಕ್ಕಿಳಿಯಿತು. ಸಿಸ್ಟರ್ ಅಡುಗೆಮನೆಗೆ ಓಡಿ ಒಲೆ ಆರಿಸಿ ಬಂದರು, ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ದೊಡ್ಡದರ ಪೆಟ್ಟಿಗೆ ತೆರೆದರು. ಕೊಕ್ಕೆ ತೆಗೆದುಕೊಳ್ಳಲಿಲ್ಲ. ಕೊನೆಯ ಸಲ ಸವರಬೇಕು ಅನ್ನಿಸಿರಬೇಕು...

ಅದು ಎಗರಿದ್ದು ನನಗೆ ಕಾಣಲೇ ಇಲ್ಲ. ಕಂಡಾಗ ಅವರ ಮುಂಗೈ ಅದರ ಬಾಯಲ್ಲಿತ್ತು, ಮೈ ತೋಳಿಗೆ ಸುತ್ತಿಕೊಳ್ಳುತ್ತಿತ್ತು. ನಾನು ಕಿರುಚಿದೆ. ಅವರು ಕಿರುಚಲಿಲ್ಲ, ಕೈ ಎಳೆದುಕೊಳ್ಳಲೂ ಇಲ್ಲ. "ಸ್ಪಿರಿಟ್ ತಾ," ಎಂದರು ಅಷ್ಟೇ. ಕಪಾಟಿನ ಬಾಟಲಿ ತಂದು ಅದರ ಬಾಯಿಗೆ ಸುರಿದೆ; ಹುಡುಗ ಬಾಲದ ಕಡೆಯಿಂದ ಸುತ್ತು ಬಿಡಿಸಿದ. ಬಿಟ್ಟಿತು. ರಕ್ತ ಸುರಿಯುತ್ತಿದ್ದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಸಿಸ್ಟರ್ ನೆಲದ ಮೇಲೆ ಕೂತರು. ಅಳುತ್ತಿದ್ದರು, ಆದರೆ ಮುಖ ಹೊಳೆಯುತ್ತಿತ್ತು.

"ಗೊತ್ತಾಯ್ತು ನೋಡು ಅದಕ್ಕೆ! ನಾನು ಬಿಟ್ಟು ಹೋಗ್ತೇನೆ ಅಂತ ಗೊತ್ತಾಯ್ತು. ಸಿಟ್ಟು ಬಂತು ಮಾರಾಯ್ತಿ ಅದಕ್ಕೆ."

ಹುಡುಗ ಮೂಗರಳಿಸಿ ಅವರ ಕೈ ನೋಡಿದ. "ಲಾ, ಸಿಸ್ಟರ್. ದಜಾಜ್..." ಎಂದು ಬಾಯಿ ತೆರೆದ. ಲಾ ಎಂದರೆ ಅಲ್ಲ, ದಜಾಜ್ ಎಂದರೆ ಕೋಳಿ. ಅಷ್ಟು ಅರಬಿ ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. "ಖಲಾಸ್!" ಎಂದು ಅವನ ಮೇಲೆ ಹರಿಹಾಯ್ದೆ. "ಯಲ್ಲಾ, ಯಲ್ಲಾ, ಹಾರಿಸ್ ಬರ್ತಾನೆ!" ಪಾಪದ ಹುಡುಗ, ಬೆದರಿ ದೊಡ್ಡದನ್ನೂ ಚೀಲಕ್ಕಿಳಿಸಿ, ಎರಡನ್ನೂ ಹೊತ್ತು ಇಳಿದ. ಸಿಸ್ಟರ್ ಕೇಳಿಸಿಕೊಂಡರೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು.

ಕೈಗೆ ಬ್ಯಾಂಡೇಜು ಸುತ್ತಿಕೊಂಡೇ ವಿಮಾನ ಹತ್ತಿದರು. ಹಬ್ಬಕ್ಕೊಮ್ಮೆ ಫೋನು, ಆಮೇಲೆ ಬರೀ ವಾಟ್ಸ್ಯಾಪಿನ ಹೂವುಗಳು, ಆಮೇಲೆ ಅವೂ ಇಲ್ಲ.

ನಿನ್ನೆ ಅವರ ಮಗಳು ಫೋನ್ ಮಾಡಿದಳು. ಸಿಸ್ಟರ್ ತೀರಿಕೊಂಡು ತಿಂಗಳಾಯಿತಂತೆ. ಮೊಬೈಲಿನಲ್ಲಿ ನನ್ನ ನಂಬರ್ ಸಿಕ್ಕಿತಂತೆ. ನಾನು ಫೋನ್ ಹಿಡಿದುಕೊಂಡು ಹಾಲಿನಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದೆ, ನಿಲ್ಲಲಾಗುತ್ತಿರಲಿಲ್ಲ. ಅವಳು ಕೇಳಿದಳು: "ಆಂಟಿ, ತಪ್ಪು ತಿಳ್ಕೊಳ್ಬೇಡಿ. ಮಮ್ಮಿಯ ಕೈಯಲ್ಲಿ ಒಂದು ಕಲೆ ಇತ್ತಲ್ಲ. ಕೇಳಿದ್ರೆ, ಹೊರಡುವಾಗ ಅಲ್ಲಿ ಒಬ್ರು ಕೈ ಬಿಡ್ಲೇ ಇಲ್ಲ ಅಂತ ನಗಾಡ್ತಿದ್ರು. ಯಾರು ಆಂಟಿ ಅದು? ಮಮ್ಮಿಗೆ ಅಲ್ಲಿ ಯಾರಾದ್ರೂ... ಇದ್ರಾ?"

ನಗು, ಅಳು ಎರಡೂ ಒಟ್ಟಿಗೆ ಬಂತು. ಹಾವಿನ ಕಥೆಯನ್ನೆಲ್ಲ ಹೇಳಿದೆ. ಕೋಳಿ ಸುಕ್ಕದ ವಿಷಯ ಒಂದನ್ನು ಬಿಟ್ಟು. ಅವಳು ಮೊದಲು ನಂಬಲಿಲ್ಲ, ಆಮೇಲೆ ನಕ್ಕಳು.

"ಅದಕ್ಕೆ ಮಮ್ಮಿಯ ಗುರ್ತ ಇತ್ತಾ ಆಂಟಿ?"

"ಇತ್ತು ಕಣಮ್ಮ," ಎಂದೆ.

"ನಮಗೆ ಗುರ್ತ ಆಗುವಾಗ ಹೋಗಿಬಿಟ್ರು," ಎಂದಳು.