ಹಿರೇಹಾಳಿನವರೆಗೆ ಕೂತು, ಬಳ್ಳಾರಿಯವರೆಗೆ ನಿಂತು

ಹಿಂದೂಪುರದ ಮಾರುಕಟ್ಟೆಯಲ್ಲಿ ಗೂಡು ಮಾರಿ ಬಂದ ಮರುದಿನವೇ ನಾನು ಮಡಕಶಿರಾದಿಂದ ರಾಯದುರ್ಗಕ್ಕೆ ಹೊರಟೆ. ರೇಷ್ಮೆ ಸಾಕುವವರಿಗೆ ಊರು ಬಿಡಲು ಸಿಗುವುದು ಒಂದು ಬೆಳೆ ಮುಗಿದು ಇನ್ನೊಂದು ಶುರುವಾಗುವ ನಡುವಿನ ಕೆಲವು ದಿನಗಳು ಮಾತ್ರ. ಮನೆಯಲ್ಲಿ ಹುಳು ಇದ್ದಾಗ ನೆಂಟರ ಮದುವೆಗೆ ಹೋದರೂ ಎಲೆಯ ಮುಂದೆ ಕೂತು ಹಿಪ್ಪುನೇರಳೆ ಸೊಪ್ಪಿನದೇ ಚಿಂತೆ. ಈ ಸಲ ಹೊರಟಿದ್ದು ಮದುವೆಗಲ್ಲ, ತೀರ್ಪು ಹೇಳುವುದಕ್ಕೆ.

ನನ್ನ ತಮ್ಮ ತಿಪ್ಪೇಸ್ವಾಮಿ ಫೋನು ಮಾಡಿದ್ದ. ಮದುವೆಯಾದ ಹೊಸದರಲ್ಲಿ ಕೆಲಸ ಹುಡುಕಿಕೊಂಡು ರಾಯದುರ್ಗಕ್ಕೆ ಹೋದವನು ಅಲ್ಲೇ ಜೀನ್ಸ್ ಪ್ಯಾಂಟಿನ ಬಟ್ಟೆ ಕತ್ತರಿಸುವ ಕೆಲಸಕ್ಕೆ ನಿಂತುಬಿಟ್ಟಿದ್ದ. ಅವನ ಮಗಳು ಭಾಗ್ಯ ಬಳ್ಳಾರಿಯ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಎಂ.ಎ.ಗೆ ಸೇರಿದ್ದಳು. ಹಾಸ್ಟೆಲಿನಲ್ಲಿ ಜಾಗ ಸಿಗಲಿಲ್ಲ. ದಿನಾ ಹೋಗಿ ಬರುವುದು, ಒಂದು ಕಡೆಗೇ ಐವತ್ತು ಕಿಲೋಮೀಟರಿನ ಆಸುಪಾಸು. ಇದರ ನಡುವೆ ಪಕ್ಕದ ಬೀದಿಯ ಜೀನ್ಸ್ ಶೆಡ್ಡಿನ ಮಾಲೀಕ, ಹೊಲಿದ ಪ್ಯಾಂಟು ಪರೀಕ್ಷಿಸುವ ಕೆಲಸಕ್ಕೆ ಓದಿದ ಹುಡುಗಿ ಬೇಕು, ಸೋಮವಾರದೊಳಗೆ ಹೇಳಿ ಎಂದಿದ್ದನಂತೆ.

"ಅಕ್ಕಾ, ಬಸ್ಸಿನಾಗ ಅಡ್ಡಾಡಿ ಹುಡುಗಿ ಕಡ್ಡಿ ಆಗ್ಯಾಳ. ಒಂದು ದಿನ ಬಸ್ ತಪ್ಪಿದ್ರ ಆ ಊರಾಗ ಕತ್ತಲಾಗ ಏನ್ ಮಾಡ್ಬೇಕು? ಬಿಡಸ್ಬೇಕೋ ಕಳಸ್ಬೇಕೋ, ನೀ ಹೇಳಿದಂಗ ಮಾಡ್ತೀನಿ" ಎಂದ.

"ಲೋ ತಿಪ್ಪೇಶ, ಮೊದ್ಲು ನಮ್ಮೂರ್ ಮಾತಾಡ್ಲಾ. ಆಮೇಲೆ ಬತ್ತೀನಿ" ಎಂದು ಬೈದೇ ಹೊರಟೆ.

ಮಡಕಶಿರಾದಿಂದ ಪಾವಗಡ, ಅಲ್ಲಿಂದ ಕಲ್ಯಾಣದುರ್ಗ, ಅಲ್ಲಿಂದ ರಾಯದುರ್ಗ. ಪಾವಗಡ ಕರ್ನಾಟಕ, ಕಲ್ಯಾಣದುರ್ಗ ಮತ್ತೆ ಆಂಧ್ರ. ಬಸ್ಸಿನ ಬೋರ್ಡಿನ ಅಕ್ಷರ ಬದಲಾಗುತ್ತದೆ, ಧೂಳು ಮಾತ್ರ ಅದೇ. ಶ್ರಾವಣದ ಗಾಳಿ ಕಿಟಕಿಯಿಂದ ನುಗ್ಗಿ ಸೆರಗು ನಿಲ್ಲಗೊಡಲಿಲ್ಲ. ದಾರಿಯುದ್ದಕ್ಕೂ ಶೇಂಗಾ ಹೊಲ, ಮಧ್ಯೆ ಮಧ್ಯೆ ಬರಿಯ ಕಲ್ಲುಗುಡ್ಡ. ಪಾವಗಡದಲ್ಲಿ ತಿಂದ ಚಿತ್ರಾನ್ನ ಕಲ್ಯಾಣದುರ್ಗಕ್ಕೆ ಬರುವಷ್ಟರಲ್ಲಿ ಕರಗಿಹೋಗಿತ್ತು. ರಾಯದುರ್ಗದ ಕೋಟೆಬೆಟ್ಟ ಕಣ್ಣಿಗೆ ಬಿದ್ದಾಗ ಸಂಜೆಯಾಗಿತ್ತು.

ಆ ಊರಿನ ಬೀದಿಗಳಲ್ಲಿ ನಡೆದರೆ ಮಾತಿಗಿಂತ ಮೊದಲು ಮಷೀನಿನ ಸದ್ದು ಕೇಳುತ್ತದೆ. ಒಂದು ಮನೆಯಲ್ಲಿ ಜೇಬು, ಇನ್ನೊಂದರಲ್ಲಿ ಜಿಪ್ಪು, ಮತ್ತೊಂದರಲ್ಲಿ ಸೊಂಟದ ಪಟ್ಟಿ. ಒಂದು ಪ್ಯಾಂಟು ಅಂಗಡಿ ಸೇರುವ ಮೊದಲು ಅರ್ಧ ಓಣಿ ತಿರುಗಿರುತ್ತದೆ. ತಮ್ಮನ ಮನೆಯ ಪಾಲಿಗೆ ಬಂದದ್ದು ಹೊಲಿದಾದ ಮೇಲೆ ಉಳಿಯುವ ದಾರದ ತುದಿ ಕತ್ತರಿಸುವುದು. ನಾನು ಒಳಗೆ ಹೋದಾಗ ಭಾಗ್ಯ ನೀಲಿ ಪ್ಯಾಂಟಿನ ರಾಶಿಯ ಮುಂದೆ ಕೂತಿದ್ದಳು. ಬೆರಳೆಲ್ಲ ನೀಲಿ. "ಬರ್ರಿ ಅತ್ತಿ" ಎಂದು ಎದ್ದವಳು ಚೊಂಬಿನಲ್ಲಿ ನೀರು ಕೊಟ್ಟು ಮತ್ತೆ ಕೂತಳು. ಅಷ್ಟೇ ಅವಳ ಮಾತು. ಚಿಕ್ಕವಳಿದ್ದಾಗ ರಜೆಗೆ ಬಂದರೆ ನನ್ನ ತಲೆ ತಿನ್ನುತ್ತಿದ್ದ ಹುಡುಗಿ ಇವಳೇನಾ ಎನಿಸಿತು. ನಿಜಕ್ಕೂ ಬಡವಾಗಿದ್ದಳು.

ಊಟಕ್ಕೆ ನಾದಿನಿ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದಳು. ತಿಪ್ಪೇಸ್ವಾಮಿ ನನ್ನ ಮುಖವನ್ನೇ ನೋಡುತ್ತಿದ್ದ.

"ನೋಡ್ದೆ ಹೆಂಗ್ ಹೇಳ್ಲಿ? ನಾಳೆ ನಾನೂ ಅವ್ಳ ಜೊತೆ ಹೋಗಿ ಬತ್ತೀನಿ. ಬಂದ್ಮೇಲೆ ಕೇಳು" ಎಂದೆ. ಮನಸ್ಸಿನಲ್ಲಿ ಮಾತ್ರ ಆಗಲೇ ಬಿಡಿಸುವುದೇ ಸರಿ ಎಂದು ಮುಕ್ಕಾಲು ಪಾಲು ತೀರ್ಮಾನಿಸಿಯಾಗಿತ್ತು.

ಬೆಳಕು ಹರಿಯುವ ಹೊತ್ತಿಗೆ ಬಸ್‌ಸ್ಟ್ಯಾಂಡಿನಲ್ಲಿದ್ದೆವು. "ಎಕ್ಕಂಡಿ, ಎಕ್ಕಂಡಿ" ಎಂದು ಕಂಡಕ್ಟರು ತೆಲುಗಿನಲ್ಲಿ ಬಸ್ಸು ಹತ್ತಲು ಅವಸರ ಮಾಡಿದ. ಭಾಗ್ಯ ಪಾಸು ತೋರಿಸಿದಳು, ನಾನು ಟಿಕೆಟು ತೆಗೆದುಕೊಂಡೆ. ಕಿಟಕಿ ಪಕ್ಕದ ಸೀಟಿನಲ್ಲೇ ಇಬ್ಬರಿಗೂ ಜಾಗ ಸಿಕ್ಕಿತು. ಕೂತದ್ದೇ ತಡ, ಹುಡುಗಿ ಪುಸ್ತಕ ತೆರೆದಳು. ನಾನು ಏನೇನೋ ಮಾತಾಡಿಸಿದೆ, ಹೂಂ ಉಹೂಂ ಬಿಟ್ಟರೆ ಉತ್ತರವಿಲ್ಲ. "ಅಲ್ಲಮ್ಮಿ, ಈ ಕುಲುಕಾಟ್ದಾಗೆ ಅಕ್ಷರ ಕಾಣ್ತವಾ?" ಎಂದು ಕೇಳಿದರೆ, "ಕಾಣ್ತಾವ್ರಿ ಅತ್ತಿ. ಹಿರೇಹಾಳ್ ಬರೋದ್ರಾಗ ಮುಗಿಸ್ಬೇಕು" ಎಂದಳು. ಹಿರೇಹಾಳಿಗೂ ಓದಿಗೂ ಏನು ಸಂಬಂಧವೋ ನನಗೆ ತಿಳಿಯಲಿಲ್ಲ.

ಡಿ. ಹಿರೇಹಾಳಿನಲ್ಲಿ ಬಸ್ಸು ನಿಂತಾಗ ತಿಳಿಯಿತು. ಬಳ್ಳಾರಿಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗುವ ಹೆಂಗಸರ ಗುಂಪು ಬುತ್ತಿ ಹಿಡಿದು ಹತ್ತಿತು. ಏಳಿ ಎಂದು ಯಾರೂ ಹೇಳಬೇಕಾಗಲಿಲ್ಲ. ಕೂತಿದ್ದ ಹುಡುಗ ಹುಡುಗಿಯರೆಲ್ಲ ಪುಸ್ತಕ ಮಡಚಿ ಎದ್ದು ನಿಂತರು. ಭಾಗ್ಯಳೂ ಎದ್ದಳು. ದಪ್ಪನೆಯ ಹೆಂಗಸೊಬ್ಬಳು ಬಂದು ನನ್ನ ಮುಂದೆ ನಿಂತು ಕಾದಳು. ನಾನು ಕಿಟಕಿಯ ಹೊರಗೆ ನೋಡಿದೆ.

"ಏಳವ್ವ, ಹಿರೇಹಾಳ್ ಬಂತು" ಎಂದಳು.

"ಬಂದ್ರೆ ನಾನ್ಯಾಕೆ ಏಳ್ಲಿ? ನಾನೇನು ಇಲ್ಲಿ ಇಳಿತೀನಾ? ದುಡ್ಡು ಕೊಟ್ಟು ಬಳ್ಳಾರಿಗೆ ಟಿಕೆಟ್ ತಗೊಂಡಿವ್ನಿ!" ಎಂದು ನಾನು ಗಂಟಲು ಏರಿಸಿದೆ.

"ನಾವೇನು ಪುಕ್ಕಟ ಹತ್ತೀವಾ? ಯಾ ಊರಿನ್ಯಾಕಿ ನೀನು?"

"ಯಾವೂರಾದ್ರೆ ನಿಂಗೇನು?"

ಬಸ್ಸೆಲ್ಲ ನಮ್ಮತ್ತ ತಿರುಗಿತು. ಭಾಗ್ಯ ನಾಚಿಕೆಯಿಂದ ಕೆಂಪಾಗಿ ನನ್ನ ತೋಳು ಹಿಡಿದಳು. "ಅತ್ತಿ, ಏಳ್ರಿ. ಇಲ್ಲೀತನಕ ನಮ್ಮದು, ಇಲ್ಲಿಂದ ಅವರದು. ಸಂಜಿಗೆ ಅವರು ಇಲ್ಲೀತನಕ ಕೂತು ಬರ್ತಾರ, ಆಮ್ಯಾಲ ನಾವು ಕೂಡ್ತೀವಿ. ಅವರು ದಿನಾ ಇಟ್ಟಿಗಿ ಹೊರತಾರ, ಅತ್ತಿ." ಯಾರು ಮಾಡಿದ ನಿಯಮವೆಂದು ಕೇಳಿದರೆ ಅವಳಿಗೂ ಗೊತ್ತಿಲ್ಲ. ತಾನು ಸೇರುವ ಮೊದಲಿನಿಂದಲೂ ಹೀಗೇ ಎಂದಳು. ನಾನು ಎದ್ದೆ. ಆದರೆ ಸುಮ್ಮನೆ ಏಳುವವಳಲ್ಲ, ಗೊಣಗುತ್ತಲೇ ಎದ್ದೆ. ಆ ಹೆಂಗಸಿನ ಹೆಸರು ಹನುಮಕ್ಕ. ಕೂತವಳೇ ಭಾಗ್ಯಳ ಕೈಯಿಂದ ಚೀಲ ಕಿತ್ತುಕೊಂಡು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ನನ್ನ ಚೀಲ ಕೇಳಲಿಲ್ಲ.

ಉಳಿದ ದಾರಿ ನಿಂತೇ ಹೋದೆವು. ಅದಿರಿನ ಲಾರಿಗಳ ಕೆಂಪು ಧೂಳು, ಗುಂಡಿ ಬಂದಾಗೆಲ್ಲ ತಲೆ ಮೇಲಿನ ಕಂಬಿಗೆ ಡಿಕ್ಕಿ. ಬಳ್ಳಾರಿ ತಲುಪುವಾಗ ನನ್ನ ಸೊಂಟ ನನ್ನದಾಗಿ ಉಳಿದಿರಲಿಲ್ಲ. ಅಲ್ಲಿಂದ ಮತ್ತೆ ಸಿಟಿ ಬಸ್ಸು. ಬೆಳಿಗ್ಗೆ ಬೇಗನೇ ಶುರುವಾಗುವ ಮೊದಲ ತರಗತಿ ಅರ್ಧ ಕಳೆದ ಮೇಲೆ ಭಾಗ್ಯ ಬಾಗಿಲಲ್ಲಿ ನಿಂತಳು. ದಿನಾ ಹೀಗೇ ಅಂತೆ. ಅರ್ಧ ಪಾಠ ಕೇಳುವುದಕ್ಕೆ ಇಷ್ಟು ಪಾಡು ಬೇಕಾ ಎಂದು ನನಗೆ ಸಿಟ್ಟೇ ಬಂತು. ಮರದ ಕೆಳಗೆ ಕೂತು, ರಾತ್ರಿ ತಮ್ಮನಿಗೆ ಹೇಳಬೇಕಾದ ಮಾತನ್ನು ಜೋಡಿಸಿಕೊಂಡೆ.

ಮಧ್ಯಾಹ್ನ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ತಿಂದೆವು. ಬಳ್ಳಾರಿಯ ಬಜ್ಜಿ ತಿಂದವರ ಕಿವಿಯಲ್ಲಿ ಹೊಗೆ ಬರದಿದ್ದರೆ ಕೇಳಿ! ಆಮೇಲೆ ಭಾಗ್ಯ ಹಿಂಜರಿಯುತ್ತಾ, "ಅತ್ತಿ, ಇವತ್ತು ನಂದು ಸೆಮಿನಾರ್ ಐತಿ. ಎಲ್ಲರ ಮುಂದ ನಿಂತು ಮಾತಾಡೋದು. ಹಿಂದ ಕುಂದ್ರತೀರೇನು?" ಎಂದಳು. ಅವಳ ಮೇಡಮ್ಮು ಒಪ್ಪಿ ನನಗೆ ಕೊನೆಯ ಬೆಂಚು ತೋರಿಸಿದರು.

ಹುಡುಗಿ ಎದ್ದು ಹೋಗಿ ಬೋರ್ಡಿನ ಮೇಲೆ 'ಹೆಂಜೇರು' ಎಂದು ಬರೆದಳು. ಅದು ನಮ್ಮ ಮಡಕಶಿರಾ ಕಡೆಯ ಹೇಮಾವತಿ ಊರಿನ ಹಳೆಯ ಹೆಸರಂತೆ. ನೊಳಂಬ ಅರಸರ ರಾಜಧಾನಿಯಂತೆ. ನಾನು ಹುಟ್ಟಿದ್ದು ಅದರ ಪಕ್ಕದ ಹಳ್ಳಿಯಲ್ಲಿ. ಆ ಸಿದ್ಧೇಶ್ವರನ ಗುಡಿಯ ಕಂಬಕ್ಕೆ ಒರಗಿ ಶೇಂಗಾ ಸುಲಿದವಳು ನಾನು. ರಜೆಯಲ್ಲಿ ಭಾಗ್ಯಳನ್ನು ಕರೆದುಕೊಂಡು ಹೋದರೆ, ಈ ಕಲ್ಲು ಯಾರು ಕೆತ್ತಿದ್ದು, ಈ ದೇವರು ಯಾಕೆ ಮನುಷ್ಯನ ಹಾಗೆ ಕೂತಿದ್ದಾನೆ ಎಂದು ಪ್ರಾಣ ಹಿಂಡುತ್ತಿದ್ದಳು. ಗೊತ್ತಿಲ್ಲ ಸುಮ್ನಿರು ಎಂದು ನಾನು ಗದರುತ್ತಿದ್ದೆ. ಈಗ ಆ ಪ್ರಶ್ನೆಗಳಿಗೆಲ್ಲ ಅವಳೇ ಉತ್ತರ ಹೇಳುತ್ತಾ ನಿಂತಿದ್ದಳು. ಮನೆಯಲ್ಲಿ ನಾಲ್ಕು ಮಾತಾಡದ ಹುಡುಗಿ! ಕೈ ಆಡಿಸುತ್ತಾ, ನಗುತ್ತಾ, ಒಬ್ಬ ಹುಡುಗ ಅಡ್ಡ ಪ್ರಶ್ನೆ ಹಾಕಿದರೆ ಅವನ ಬಾಯಿ ಮುಚ್ಚಿಸುತ್ತಾ. ಬೆರಳ ನೀಲಿಗೆ ಸೀಮೆಸುಣ್ಣ ಹತ್ತಿ ಬಿಳಿಯಾಗಿತ್ತು. ನನಗೆ ಕಣ್ಣು ತುಂಬಿ ಬಂತು. ಎಷ್ಟು ಚೆಂದ ಮಾತಾಡಿದಳು ನನ್ನ ಸೊಸೆ! ಬೆಳಗಿನಿಂದ ಜೋಡಿಸಿಟ್ಟುಕೊಂಡ ಮಾತೆಲ್ಲ ಎಲ್ಲಿ ಹೋಯಿತೋ.

ಪ್ರಶ್ನೆಗಳು ಮುಗಿಯಲೇ ಇಲ್ಲ. ಹೊರಗೆ ಬಂದಾಗ ಹೊತ್ತು ಮೀರಿತ್ತು. ಸಂಜೆಯ ಬಸ್ಸು ಹೋದರೆ ಮುಂದಿನದು ಕತ್ತಲಾದ ಮೇಲೇ. ತಮ್ಮ ಹೆದರಿದ್ದು ಇದಕ್ಕೇ. ಆಟೋ ಹತ್ತಿದೆವು, ಅದು ಜನರ ಮಧ್ಯೆ ಸಿಕ್ಕಿಹಾಕಿಕೊಂಡಿತು, ಇಳಿದು ಓಡಿದೆವು. ನಾನು ಓಡಿದ್ದು ಯಾವ ಕಾಲದಲ್ಲೋ! ಚಪ್ಪಲಿ ಕೈಯಲ್ಲಿ ಹಿಡಿದು ಬಸ್‌ಸ್ಟ್ಯಾಂಡಿಗೆ ನುಗ್ಗಿದರೆ, ಬಸ್ಸು ಅಲ್ಲೇ ಇತ್ತು. ಡ್ರೈವರು ಹಾರನ್ ಒತ್ತುತ್ತಿದ್ದ. ಬಾಗಿಲಲ್ಲಿ ಹನುಮಕ್ಕ ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ನೆಲದ ಮೇಲೆ ಊರಿ ನಿಂತಿದ್ದಳು.

"ನಮ್ಮ ಹುಡುಗಿ ಬಂದಿಲ್ಲ ಅಂದ್ರ ಬಂದಿಲ್ಲ! ಹೆಂಗ ಬಿಡ್ತಿ ನೋಡ್ತೀನಿ, ಬಿಡು!" ಎಂದು ಕೂಗುತ್ತಿದ್ದವಳು ನಮ್ಮನ್ನು ಕಂಡಳು. "ಬಾರವ್ವ, ಬಾ. ಆ ಜಗಳಗಂಟಿ ಅತ್ತೀನೂ ಕರ್ಕೊಂಡು ಬಾ!"

ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಏದುಸಿರು ಬಿಡುತ್ತಿದ್ದ ನನ್ನನ್ನು ಕಂಡು ಹನುಮಕ್ಕ ತನ್ನ ಸೀಟು ಬಿಡಲು ಬಂದಳು. "ಬ್ಯಾಡ ಕಣಮ್ಮ. ಹಿರೇಹಾಳ್ ತಂಕ ನಿಮ್ದು" ಎಂದು ಕಂಬಿ ಹಿಡಿದು ನಿಂತೆ. ದಿನಾ ಬರುವವರಲ್ಲಿ ಒಬ್ಬರು ಕಾಣದಿದ್ದರೂ ಬಸ್ಸು ಕದಲಗೊಡುವುದಿಲ್ಲವಂತೆ ಇವರು. ಮಳೆ ಬಂದಾಗಲೂ ಹೀಗೇ ಕಾಲೂರಿ ನಿಲ್ಲುತ್ತಾರಂತೆ. ಇಂಥ ಕಾವಲು ಯಾವ ಹಾಸ್ಟೆಲಿನಲ್ಲಿದೆ?

ಮನೆ ತಲುಪಿದಾಗ ತಿಪ್ಪೇಸ್ವಾಮಿ ಹೊಸಿಲ ಮೇಲೇ ನಿಂತಿದ್ದ. "ಏನಕ್ಕಾ, ಆಕ್ಕತೇನು?"

"ನನ್ ಕೈಲಾಗಕಿಲ್ಲಪ್ಪ. ಇನ್ನೊಂದ್ ದಿನ ಹೋದ್ರೆ ನನ್ನ ಹೊತ್ಕೊಂಡು ಬರ್ಬೇಕಾಯ್ತದೆ" ಎಂದೆ. ಅವನ ಮುಖ ಸಡಿಲವಾಯಿತು. ಶೆಡ್ಡಿನ ಮಾಲೀಕನಿಗೆ ಹೇಳಿಬರಲು ಚಪ್ಪಲಿ ಹುಡುಕತೊಡಗಿದ.

"ನಿಂತ್ಕಳಲೇ! ನನ್ ಕೈಲಾಗಕಿಲ್ಲ ಅಂದೆ, ಅವ್ಳ ಕೈಲಾಗಕಿಲ್ಲ ಅಂದ್ನಾ? ಅವ್ಳು ಅಲ್ಲಿ ಮಾತಾಡಾದ ನೀನು ನೋಡಿಲ್ಲ, ನಾನು ನೋಡಿವ್ನಿ. ಹೋಗಿ ಆ ಮಾಲೀಕಂಗೆ ಬೇರೆ ಹುಡ್ಗಿ ನೋಡ್ಕ ಅನ್ನು." ಹನುಮಕ್ಕ ಬಸ್ಸು ನಿಲ್ಲಿಸಿದ್ದನ್ನೂ ಹೇಳಿದೆ. ತಿಪ್ಪೇಸ್ವಾಮಿ ಚಪ್ಪಲಿ ಮೆಟ್ಟಿಕೊಂಡು ಹೋಗಿ ಹೇಳಿ ಬಂದ.

ಮರುದಿನ ಮುಂಜಾನೆ ನಾನೂ ಭಾಗ್ಯಳೂ ಒಟ್ಟಿಗೇ ಬಸ್‌ಸ್ಟ್ಯಾಂಡಿಗೆ ನಡೆದೆವು. ನನ್ನದು ಕಲ್ಯಾಣದುರ್ಗದ ಕಡೆ, ಅವಳದು ಬಳ್ಳಾರಿ ಕಡೆ. ಅವಳ ಬಸ್ಸು ಬಂದು ನಿಂತಿತ್ತು. ಹುಡುಗಿ ಹತ್ತಲಿಲ್ಲ. ನನ್ನ ಕೈ ಹಿಡಿದು ನಿಂತಳು.

"ಅತ್ತಿ, ನೀವು ಬ್ಯಾಡ ಅಂತೀರಿ ಅಂತ ಅನ್ಕೊಂಡಿದ್ದೆ. ಅಂದಿದ್ರ ಚಲೋ ಆಗ್ತಿತ್ತು ಅಂತ ಒಂದೊಂದು ಸಲ... ಭಾಳ ದಣಿವಾಗ್ತತ್ರಿ. ಕೆಲವು ದಿನ ಮುಂಜಾನಿ ಏಳಾಕ ಆಗಂಗಿಲ್ಲ, ಅಳು ಬರ್ತತಿ."

ಆ ನೀಲಿ ಬೆರಳುಗಳನ್ನು ಹಿಡಿದುಕೊಂಡೆ. ಇವಳನ್ನು ಮನೆಗೆ ಕರೆದುಕೊಂಡು ಹೋಗಿ ಮುದ್ದೆ ಉಣಿಸಿ ಮಲಗಿಸಬೇಕು ಎನ್ನಿಸಿತು. ಕಂಡಕ್ಟರು ಎಕ್ಕಂಡಿ, ಎಕ್ಕಂಡಿ ಎನ್ನುತ್ತಿದ್ದ.

"ಅಳು ಬಂದ್ರೆ ಅಳು ಕಣಮ್ಮಿ. ಯಾರು ಬ್ಯಾಡ ಅಂದ್ರು?" ಎಂದೆ. "ಬಸ್ ಹತ್ತಿ ಕೂತ್ಕಂಡು ಅಳು."

ಅವಳು ಕಣ್ಣೊರೆಸಿಕೊಂಡು ನಕ್ಕು ಹತ್ತಿದಳು.