ಬಾನೆಟ್ ಎತ್ತುವ ಮೊದಲು

ಬೆಳಕು ಹರಿಯುವ ಹೊತ್ತು. ಶೆಡ್ಡಿನ ಮುಂದೆ ನಲವತ್ತೆರಡು ವರ್ಷದ ಬೂದು ಬಣ್ಣದ ಕಾರೊಂದು ನಿಂತಿದೆ. ಎಪ್ಪತ್ತರ ಮೆಕ್ಯಾನಿಕ್ ಬಾನೆಟ್ಟಿಗೆ ಕೈ ಹಚ್ಚುವುದಿಲ್ಲ. ಹಿಂದಿನ ಸೀಟಿನಲ್ಲಿ ಆರಾಮಾಗಿ ಕೂರುತ್ತಾರೆ. "ದಿನಾ ಹೋಗೋ ಹಾಗೇ ಹೋಗಮ್ಮ."

ಓಡಿಸುತ್ತಿರುವವರು ಶಾಲೆಯ ಟೀಚರ್. ಕಾರು ತೀರಿಕೊಂಡ ಅಪ್ಪನದು. ಆರು ತಿಂಗಳಿಂದ ಹೊರಟ ಇಪ್ಪತ್ತು ನಿಮಿಷಕ್ಕೆ ನಿಂತುಬಿಡುತ್ತದೆ. ಅರ್ಧ ಗಂಟೆ ಬಿಟ್ಟರೆ ಏನೂ ಆಗದ ಹಾಗೆ ಹೊರಡುತ್ತದೆ. ಮೂರು ಗ್ಯಾರೇಜಿನವರು ಕಾರ್ಬುರೇಟರ್, ಪಂಪು, ವೈರು ಎಲ್ಲ ಬದಲಾಯಿಸಿ ಕೈಚೆಲ್ಲಿದ್ದಾರೆ. ಇವತ್ತು ಹತ್ತು ಗಂಟೆಗೆ ಗುಜರಿಯವನು ಬರುತ್ತಾನೆ. ಆ ಸಿಟ್ಟಿಗೆ ಅಮ್ಮ ನಿನ್ನೆಯಿಂದ ಮಗಳ ಜೊತೆ ಮಾತು ಬಿಟ್ಟಿದ್ದಾರೆ.

ಬಾನೆಟ್ ಎತ್ತುವ ಮೊದಲು ಮನೆಯ ಕತೆಯೆಲ್ಲ ಕೇಳುವುದು ಮೆಕ್ಯಾನಿಕ್ ಅವರ ರೂಢಿ. ಅದಕ್ಕೇ 'ನಿಧಾನಪ್ಪ' ಎಂಬ ಅಡ್ಡಹೆಸರು. "ಕಾರು ಕೆಟ್ಟಿದೆ ಅಂತ ಬಂದವರ ಹತ್ರ ಮಗಳ ಮದುವೆ ವಿಚಾರಿಸ್ತಾ ಕೂರ್ತಾರೆ" ಎಂದು ಹೆಂಡತಿ ನಗುತ್ತಾರೆ.

ನಲವತ್ತೈದು ವರ್ಷದ ಕಸುಬು. ಒಂದು ಕಾಲಕ್ಕೆ ದಿನಕ್ಕೆ ಎಂಟು ಕಾರು. ಈಗ ವಾರಕ್ಕೆ ಎರಡು ಬಂದರೆ ಹೆಚ್ಚು. ಮಂಡಿ ನೋವು, ಎಡಗಣ್ಣು ಮಂಜು. ಆದರೂ ಹಳೆಯ ರೆಕ್ಸಿನ್ನಿನ ವಾಸನೆ ಮೂಗಿಗೆ ಬಡಿದರೆ ಮುಖ ಅರಳುತ್ತದೆ. "ಆಗ ಒಂದು ಕಾರಲ್ಲಿ ಒಂಬತ್ತು ಜನ. ಕಿಟಕಿ ಪಕ್ಕ ಯಾರು ಅಂತ ದೊಡ್ಡ ಜಗಳ. ಇಳಿಯೋ ಹೊತ್ತಿಗೆ ಎಲ್ಲಾ ನಿದ್ದೆ!"

ಇಪ್ಪತ್ತೊಂದನೇ ನಿಮಿಷಕ್ಕೆ ಕಾರು ಕೆಮ್ಮಿ ನಿಲ್ಲುತ್ತದೆ. ಟೀಚರ್ ಸ್ಟಿಯರಿಂಗಿಗೆ ಹಣೆ ಒತ್ತುತ್ತಾರೆ. ಮೆಕ್ಯಾನಿಕ್ ಇಳಿದು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುಗಿಸುತ್ತಾರೆ. ಗಾಳಿ ಸುಯ್ಯೆಂದು ಒಳನುಗ್ಗುತ್ತದೆ.

"ಮುಚ್ಚಳ ಹೊಸದಲ್ವಾ?"

"ಹೂಂ. ಹಳೇದು ತುಕ್ಕು ಹಿಡಿದಿತ್ತು. ಅಪ್ಪನ ಕಾರು ಚೆಂದ ಇರ್ಲಿ ಅಂತ ನಾನೇ ಹಾಕ್ಸಿದ್ದು."

"ಚೆಂದಾನೇ ಇದೆ. ಆದ್ರೆ ಗಾಳಿಗೆ ತೂತೇ ಇಲ್ಲ. ಪೆಟ್ರೋಲ್ ಖಾಲಿಯಾದಷ್ಟೂ ಒಳಗೆ ಗಾಳಿ ಬರ್ಬೇಕು. ಇಲ್ದಿದ್ರೆ ಅದು ಹರಿಯಲ್ಲ. ಅರ್ಧ ಗಂಟೆ ನಿಂತ್ರೆ ಸಂದಿಯಿಂದ ಚೂರು ಗಾಳಿ ಸೇರುತ್ತೆ, ಮತ್ತೆ ಹೊರಡುತ್ತೆ."

"ಅಂದ್ರೆ ನಾನೇ ಕೆಡಿಸ್ದೆನಾ?"

"ಕೆಡಿಸಿಲ್ಲ ತಾಯಿ. ಸಿಂಗಾರ ಸ್ವಲ್ಪ ಬಿಗಿಯಾಯ್ತು, ಅಷ್ಟೇ."

ಮುಚ್ಚಳ ಸಡಿಲಿಸಿಕೊಂಡು ಶೆಡ್ಡಿಗೆ ವಾಪಸು. ಮುಚ್ಚಳಕ್ಕೆ ಸೂಜಿಯಷ್ಟು ಸಣ್ಣ ತೂತು. ಮತ್ತೆ ಹೊರಟ ಕಾರು ನಲವತ್ತು ನಿಮಿಷ ಓಡಿದರೂ ನಿಲ್ಲುವುದಿಲ್ಲ. ಟೀಚರ್ ಗುಜರಿಯವನಿಗೆ ಬರಬೇಡಿ ಎಂದು ಫೋನ್ ಮಾಡುತ್ತಾರೆ. ಆಮೇಲೆ ಮನೆಗೆ: "ಅಮ್ಮಾ, ಸೀರೆ ಬದಲಾಯ್ಸಿ ರೆಡಿಯಾಗು. ಒಂದು ಸುತ್ತು ಹೋಗಿಬರೋಣ."

ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಾರೆ. "ನಾನು ನೋಡಿದ ಕಾರು ಗುಜರಿಗೆ ಹೋಗೇ ಇಲ್ಲ ಅಂತ ಸುಳ್ಳು ಹೇಳಲ್ಲ. ಬೇಕಾದಷ್ಟು ಹೋಗಿವೆ. ಆದ್ರೆ ಏನಾಗಿತ್ತು ಅಂತ ತಿಳೀದೇ ಹೋಗಿದ್ದು ಒಂದೂ ಇಲ್ಲ."